ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಂ: ಅಳವಡಿಕೆ ಮತ್ತು ಪಾಲನೆ

ಕಾಳಗಿ, ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗದ ಅನೇಕ ರೈತರ ಮನೆಗಳಲ್ಲಿ ಇಂದು ಲ್ಯಾಪ್‌ಟಾಪ್ ಇದೆ. ಕೆಲವು ಮಕ್ಕಳ ಓದಿಗೆಂದು ಕೊಂಡವು. ಕೆಲವು ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವಾಗ ರಾಜ್ಯ ಸರ್ಕಾರದಿಂದ ಬಂದವು. ಐದಾರು ವರ್ಷ ಕಳೆಯುವಷ್ಟರಲ್ಲಿ ಯಂತ್ರ ನಿಧಾನವಾಗುತ್ತದೆ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ತೆರೆದಿರುವುದಿಲ್ಲ. ಆಗ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಕೆಟ್ಟುಹೋಯಿತೆಂದು ಅಟ್ಟಕ್ಕೆ ಹಾಕುತ್ತಾರೆ, ಇಲ್ಲವೇ ಅಂಗಡಿಗೆ ಒಯ್ದು ‘ಫಾರ್ಮ್ಯಾಟ್’ ಮಾಡಿಸುತ್ತಾರೆ. ಮೊದಲನೆಯದರಲ್ಲಿ ಸರಿಯಿರುವ ಯಂತ್ರ ನಷ್ಟವಾಗುತ್ತದೆ. ಎರಡನೆಯದರಲ್ಲಿ ಯಂತ್ರ ಉಳಿದು, ಅದರೊಳಗಿನ ಲೆಕ್ಕ, ಪಹಣಿ, ಫೋಟೋ ಎಲ್ಲ ಅಳಿಸಿಹೋಗುವ ಸಂಭವವಿದೆ.

ನೆಟೆ ರೋಗ ಕಂಡ ಹೊಲವನ್ನು ಯಾವ ರೈತನೂ ಮಾರುವುದಿಲ್ಲ. ಟಿಎಸ್-3ಆರ್ ನಂತಹ ನೆಟೆ ತಡೆಯುವ ತೊಗರಿ ತಳಿಯನ್ನು ಆರಿಸಿ ಬಿತ್ತುತ್ತಾನೆ. ಲ್ಯಾಪ್‌ಟಾಪಿನ ವಿಷಯದಲ್ಲೂ ಬಹಳ ಸಲ ಕೆಟ್ಟಿರುವುದು ಯಂತ್ರವಲ್ಲ, ಅದರ ಮೇಲೆ ನಡೆಯುವ ವ್ಯವಸ್ಥೆ. ಅದನ್ನು ಬದಲಿಸಿದರೆ ಯಂತ್ರ ಮತ್ತೆ ಕೆಲವು ವರ್ಷ ದುಡಿಯುತ್ತದೆ. ಈ ಕೆಲಸವನ್ನು ದಾಖಲೆ ಕಳೆದುಕೊಳ್ಳದಂತೆ ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಆಪರೇಟಿಂಗ್ ಸಿಸ್ಟಂ ಎಂದರೇನು?

ಲ್ಯಾಪ್‌ಟಾಪಿನ ಪರದೆ, ಕೀಲಿಮಣೆ, ಡಿಸ್ಕ್, ವೈಫೈ ಇವೆಲ್ಲ ಬೇರೆ ಬೇರೆ ಭಾಗಗಳು. ಇವುಗಳಿಗೆ ಅಪ್ಪಣೆ ಕೊಟ್ಟು ಒಟ್ಟಿಗೆ ದುಡಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿಂಡೋಸ್. ಇನ್ನೊಂದು ಲಿನಕ್ಸ್. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದನ್ನು ಆರಂಭಿಸಿದರು. ಇದು ಉಚಿತ. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ಬೇರೆ ಬೇರೆ ತಂಡಗಳು ಇದನ್ನೇ ಆಧಾರವಾಗಿಟ್ಟುಕೊಂಡು ಉಬುಂಟು, ಮಿಂಟ್, ಲುಬುಂಟು ಮುಂತಾದ ಹೆಸರುಗಳಲ್ಲಿ ಪೂರ್ಣ ವ್ಯವಸ್ಥೆಗಳನ್ನು ಸಿದ್ಧಪಡಿಸಿವೆ.

ಈಗಲೇ ಗಮನ ಕೊಡಬೇಕಾದ ಕಾರಣ

ತಯಾರಕರು ಪ್ರತಿಯೊಂದು ವಿಂಡೋಸಿಗೂ ಕೆಲವು ವರ್ಷ ಮಾತ್ರ ಸುರಕ್ಷತಾ ಪರಿಷ್ಕರಣೆಗಳನ್ನು ಕೊಡುತ್ತಾರೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 8.1ಕ್ಕೆ 2023ರ ಜನವರಿ 10ರಂದು ಈ ಬೆಂಬಲ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಹೆಚ್ಚುವರಿ ಅವಧಿಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನು ಕೆಲಕಾಲ ಪರಿಷ್ಕರಣೆ ಸಿಗುತ್ತದೆ.

ಬೆಂಬಲ ನಿಂತ ದಿನವೇ ಯಂತ್ರ ನಿಲ್ಲುವುದಿಲ್ಲ. ಆದರೆ ಅಂದಿನಿಂದ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಮದ್ದು ಬರುವುದಿಲ್ಲ. ಅಂತಹ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿ ಬ್ಯಾಂಕಿನ ವ್ಯವಹಾರ ಮಾಡುವುದು ಬೇಲಿ ಕಿತ್ತ ಹೊಲದಲ್ಲಿ ಬೆಳೆ ಇಟ್ಟಂತೆ. ಬೆಳೆ ವಿಮೆ, ಪರಿಹಾರ, ಮಾರಾಟದ ಹಣ ಎಲ್ಲವೂ ನೇರವಾಗಿ ಖಾತೆಗೆ ಬರುತ್ತಿರುವ ಈ ಕಾಲದಲ್ಲಿ ಇದನ್ನು ಅಲಕ್ಷಿಸುವಂತಿಲ್ಲ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಎಲ್ಲ ಹಳೆಯ ಯಂತ್ರಗಳೂ ಅದಕ್ಕೆ ಒಗ್ಗುವುದಿಲ್ಲ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಸುರಕ್ಷತಾ ಭಾಗ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮೇಲಿನದಾಗಿರಬೇಕು.

ಮೊದಲ ಹಂತ: ಯಂತ್ರದ ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರದ ಪ್ರಮಾಣ ಹೇಳಲಾಗದು. ಹಾಗೆಯೇ ಯಂತ್ರದ ಶಕ್ತಿ ತಿಳಿಯದೆ ಅದಕ್ಕೆ ತಕ್ಕ ವ್ಯವಸ್ಥೆಯನ್ನು ಆರಿಸಲಾಗದು. ವಿಂಡೋಸ್ 10ರ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ ಎಂಬಲ್ಲಿ ಕೊನೆಯ ಅಬೌಟ್ ಎಂಬ ಪುಟ ನೋಡಿದರೆ ಪ್ರೊಸೆಸರ್, ರ‍್ಯಾಮ್ ಮತ್ತು ಯಂತ್ರ 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದು ತಿಳಿಯುತ್ತದೆ. ಈ ಕೆಳಗಿನವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು.

1. ರ‍್ಯಾಮ್: ಇದು ಯಂತ್ರ ಕೆಲಸ ಮಾಡುವ ಕಣ. ಕಣ ಚಿಕ್ಕದಾದರೆ ಒಮ್ಮೆಗೆ ಹೆಚ್ಚು ರಾಶಿ ಹಾಕಲಾಗದು. 4 ಜಿಬಿ ಇದ್ದರೆ ಮನೆಯ ಸಾಮಾನ್ಯ ಕೆಲಸಗಳಿಗೆ ಸಾಕು. 2 ಜಿಬಿ ಇದ್ದರೆ ಒಂದು ಸಲಕ್ಕೆ ಒಂದೇ ಕೆಲಸ ಎಂಬ ಮಿತಿ ಹಾಕಿಕೊಳ್ಳಬೇಕು.

2. ಡಿಸ್ಕ್: ಇದು ದಾಖಲೆಗಳ ಉಗ್ರಾಣ. ಹಳೆಯ ಯಂತ್ರಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ. ಅದರಿಂದ ‘ಟಿಕ್ ಟಿಕ್’ ಎಂಬ ಸದ್ದು ಬರುತ್ತಿದ್ದರೆ ಅಥವಾ ಕಡತಗಳು ತೆರೆಯದೆ ಹೋಗುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದು ತಿಳಿಯಬೇಕು. ಆಗ ಮೊದಲು ದಾಖಲೆಗಳನ್ನು ಹೊರತೆಗೆದು, ಡಿಸ್ಕ್ ಬದಲಿಸಿ, ಆಮೇಲೆ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಬೇರೆ ಯಾವ ಖರ್ಚಿಗಿಂತಲೂ ಹೆಚ್ಚಿನ ವೇಗ ದೊರೆಯುತ್ತದೆ.

3. ಬ್ಯಾಟರಿ: ಅರ್ಧ ಗಂಟೆಯಾದರೂ ನಿಲ್ಲುತ್ತದೆಯೇ ನೋಡಬೇಕು. ಬ್ಯಾಟರಿ ಉಬ್ಬಿ ಕೀಲಿಮಣೆ ಅಥವಾ ತಳ ಮೇಲೆದ್ದಿದ್ದರೆ ಯಂತ್ರವನ್ನು ಬಳಸಬಾರದು. ಅಂತಹ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ.

4. ಬಿಟ್: 64 ಬಿಟ್ಟಿನ ಯಂತ್ರಕ್ಕೆ ಆಯ್ಕೆ ವಿಪುಲ. 32 ಬಿಟ್ಟಿನ ಯಂತ್ರಗಳಿಗೆ ಹೊಸ ವ್ಯವಸ್ಥೆಗಳು ಬಹುಮಟ್ಟಿಗೆ ನಿಂತುಹೋಗಿರುವುದರಿಂದ ಅವುಗಳ ಮೇಲೆ ಹಣ ಹಾಕುವುದು ಲಾಭದಾಯಕವಲ್ಲ.

ಎರಡನೆಯ ಹಂತ: ದಾಖಲೆಗಳ ನಕಲು

ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ಉಳಿದ ಯಾವ ಹಂತದಲ್ಲಿ ತಪ್ಪಾದರೂ ಮತ್ತೆ ಮಾಡಬಹುದು. ಇದೊಂದರಲ್ಲಿ ತಪ್ಪಿದರೆ ತಿದ್ದುವ ದಾರಿಯಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂಟು ಎಕರೆ ತೊಗರಿ ಬೆಳೆಯುವ ಒಂದು ಮನೆಯಲ್ಲಿ ನಾಲ್ಕು ವರ್ಷದ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಾರೆ ಎಂದುಕೊಳ್ಳಿ. ಯಾವ ಸರ್ವೆ ನಂಬರಿಗೆ ಯಾವ ತಳಿ ಬಿತ್ತಿದ್ದು, ಎಷ್ಟು ಕ್ವಿಂಟಲ್ ಬಂದದ್ದು, ಅಡತಿ ಅಂಗಡಿಯ ಪಟ್ಟಿಯ ಫೋಟೋ, ಮಣ್ಣು ಪರೀಕ್ಷೆಯ ಚೀಟಿ, ಬೆಳೆ ವಿಮೆಯ ರಸೀದಿ ಎಲ್ಲ ಅದರಲ್ಲಿವೆ. ಪಹಣಿಯನ್ನು ಮತ್ತೆ ತೆಗೆಸಬಹುದು, ಏಕೆಂದರೆ ‘ಭೂಮಿ’ ಯೋಜನೆಯಿಂದಾಗಿ ಅದು ಸರ್ಕಾರದ ಗಣಕದಲ್ಲಿದೆ. ಆದರೆ ಯಾವ ಹೊಲದಲ್ಲಿ ಯಾವ ವರ್ಷ ನೆಟೆ ಬಂತು, ಎಷ್ಟು ಖರ್ಚಾಗಿ ಎಷ್ಟು ಉಳಿಯಿತು ಎಂಬ ಮನೆಯ ಬರಹ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಈ ಬರಹ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆದ್ದರಿಂದ ಕೆಳಗಿನ ಕ್ರಮ ಅನುಸರಿಸಬೇಕು.

1. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕೂ ಜಾಗಗಳನ್ನು ನೋಡಬೇಕು. ಡಿ ಡ್ರೈವಿನಲ್ಲಿ ಇಟ್ಟವನ್ನೂ ಮರೆಯಬಾರದು.

2. ಎರಡು ಬೇರೆ ಸಾಧನಗಳಿಗೆ ನಕಲು ಮಾಡಬೇಕು. ಒಂದು ಹೊರ ಡಿಸ್ಕ್ ಅಥವಾ ಪೆನ್‌ಡ್ರೈವ್, ಇನ್ನೊಂದು ಬಂಧುಗಳ ಗಣಕ ಅಥವಾ ಅಂತರ್ಜಾಲದ ಸಂಗ್ರಹ. ಬಿತ್ತನೆ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ಇಡದಿರುವುದು ಹಿರಿಯರ ಪದ್ಧತಿ. ಇಲ್ಲಿಯೂ ಅದೇ ನಿಯಮ.

3. ನಕಲು ಆದ ಮೇಲೆ ಪೆನ್‌ಡ್ರೈವನ್ನು ಬೇರೆ ಯಂತ್ರಕ್ಕೆ ಹಾಕಿ ನಾಲ್ಕೈದು ಕಡತಗಳನ್ನು ತೆರೆದು ನೋಡಬೇಕು. ತೆರೆಯದ ನಕಲು ನಕಲೇ ಅಲ್ಲ.

4. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತಗಳಿದ್ದರೆ ವಿಶೇಷ ಎಚ್ಚರಿಕೆ ಬೇಕು. ಅವುಗಳಲ್ಲಿ ಅನೇಕವು ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸ ಅಂದರೆ ಫಾಂಟುಗಳಲ್ಲಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಫಾಂಟುಗಳನ್ನೂ ನಕಲು ಮಾಡಿಕೊಳ್ಳಬೇಕು, ಅಥವಾ ಆ ತಂತ್ರಾಂಶಗಳ ಜೊತೆಗೆ ಬರುವ ಪರಿವರ್ತಕದಿಂದ ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

5. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಸಿಸ್ಟಮಿನ ಜೊತೆ ಹೋಗುತ್ತವೆ. ಮಿಂಚಂಚೆ, ಬ್ಯಾಂಕು, ಪರೀಕ್ಷಾ ಜಾಲತಾಣ ಮುಂತಾದವುಗಳ ಪ್ರವೇಶದ ಹೆಸರುಗಳನ್ನು ಪರಿಶೀಲಿಸಿಕೊಳ್ಳಬೇಕು.

6. ಕೆಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಇರುತ್ತದೆ. ಅದರ ಮರುಪ್ರಾಪ್ತಿ ಕೀಲಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಮೂರನೆಯ ಹಂತ: ಯಾವ ಸಿಸ್ಟಂ ಹಾಕಬೇಕು?

ಯಂತ್ರಕ್ಕೆ ವಿಂಡೋಸ್ 11ರ ಯೋಗ್ಯತೆ ಇದ್ದರೆ ಅದನ್ನೇ ಹಾಕಿಕೊಳ್ಳಬಹುದು. ಅಧಿಕೃತ ವಿಂಡೋಸ್ 10 ಇದ್ದ ಯಂತ್ರಕ್ಕೆ ಅದೇ ಮಾದರಿಯ ವಿಂಡೋಸ್ 11 ಹಾಕಲು ಬೇರೆ ಹಣ ಕೊಡಬೇಕಾಗಿಲ್ಲ. ‘ಕದ್ದ’ ವಿಂಡೋಸ್ ಹಾಕಿಸಿಕೊಳ್ಳುವುದು ಮಾತ್ರ ಕೂಡದು. ಅದು ಕಾನೂನಿಗೆ ವಿರುದ್ಧ. ಅಲ್ಲದೆ ಅದರ ಬೀಗ ಒಡೆಯಲು ಬಳಸುವ ತಂತ್ರಾಂಶದಲ್ಲಿಯೇ ಕಳ್ಳ ಪ್ರೋಗ್ರಾಂ ಅಡಗಿರುವ ಸಂಭವ ಹೆಚ್ಚು.

ವಿಂಡೋಸ್ 11 ಒಗ್ಗದ, 4 ಜಿಬಿ ರ‍್ಯಾಮ್ ಇರುವ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿ ಸೂಕ್ತ. ಮಿಂಟ್ 22 ಸರಣಿಗೆ 2029ರವರೆಗೆ ಪರಿಷ್ಕರಣೆಗಳು ದೊರೆಯುತ್ತವೆ. ನೋಡಲು ಹಳೆಯ ವಿಂಡೋಸಿನಂತೆಯೇ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು ಇರುವುದರಿಂದ ಮನೆಮಂದಿಗೆ ಕಷ್ಟವಾಗುವುದಿಲ್ಲ. ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಲುಬುಂಟುವನ್ನು ಪ್ರಯತ್ನಿಸಬಹುದು.

ಆದರೆ ಎಲ್ಲರಿಗೂ ಲಿನಕ್ಸ್ ಸರಿಯಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಸಹಕಾರ ಸಂಘದವರು, ಬೆರಳಚ್ಚಿನ ಉಪಕರಣ ಅಥವಾ ಡಿಜಿಟಲ್ ಸಹಿಯ ಸಾಧನ ಬಳಸುವ ಸೇವಾ ಕೇಂದ್ರದವರು ವಿಂಡೋಸಿನಲ್ಲಿಯೇ ಉಳಿಯುವುದು ಲೇಸು. ಮಕ್ಕಳ ಓದು, ಪತ್ರ, ಲೆಕ್ಕದ ಹಾಳೆ, ಜಾಲತಾಣ, ಹವಾಮಾನ ವರದಿ, ವೀಡಿಯೋ ಇಷ್ಟೇ ಬಳಕೆ ಇರುವ ಮನೆಗೆ ಲಿನಕ್ಸ್ ಧಾರಾಳವಾಗಿ ಸಾಕು.

ನಾಲ್ಕನೆಯ ಹಂತ: ಅಳವಡಿಕೆ

ಇಲ್ಲಿಂದ ಮುಂದೆ ಲಿನಕ್ಸ್ ಮಿಂಟ್ ಅಳವಡಿಸುವ ಕ್ರಮವನ್ನು ಕೊಡಲಾಗಿದೆ.

ಬೇಕಾಗುವ ಸಾಮಗ್ರಿ: 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್, ಸುಮಾರು 3 ಜಿಬಿ ಇಳಿಸಿಕೊಳ್ಳುವಷ್ಟು ಅಂತರ್ಜಾಲ ಸೌಲಭ್ಯ, ಚಾರ್ಜರ್ ಮತ್ತು ಎರಡು ಗಂಟೆ ಬಿಡುವು. ದಾಖಲೆ ನಕಲು ಮಾಡಿದ ಪೆನ್‌ಡ್ರೈವನ್ನು ಇದಕ್ಕೆ ಬಳಸಕೂಡದು, ಏಕೆಂದರೆ ಈ ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ.

1. ಮಿಂಟ್ ತಂಡದ ಅಧಿಕೃತ ಜಾಲತಾಣದಿಂದಲೇ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುವಂತೆ ಈ ಕಡತಕ್ಕೂ 64 ಅಕ್ಷರಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಜಾಲತಾಣದಲ್ಲಿ ಕೊಟ್ಟ ಸಂಖ್ಯೆಗೂ ಇಳಿಸಿಕೊಂಡ ಕಡತದ ಸಂಖ್ಯೆಗೂ ತಾಳೆಯಾದರೆ ಕಡತ ಪೂರ್ತಿ ಮತ್ತು ಶುದ್ಧವಾಗಿದೆ ಎಂದರ್ಥ.

2. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಆ ಕಡತವನ್ನು ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ಮನೆ ನಕಲು ಮಾಡಿ ಹಾಕಿದರೆ ಯಂತ್ರ ಅದರಿಂದ ಏಳುವುದಿಲ್ಲ.

3. ಪೆನ್‌ಡ್ರೈವ್ ಹಾಕಿ, ಯಂತ್ರ ಶುರುಮಾಡುವಾಗ ಆಯ್ಕೆಯ ಕೀಲಿಯನ್ನು ಒತ್ತುತ್ತಿರಬೇಕು. ಡೆಲ್, ಲೆನೊವೊ, ಏಸರ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್-12, ಎಚ್‌ಪಿಯಲ್ಲಿ ಎಫ್-9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಬೇಕು.

4. ಆಗ ಮಿಂಟ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಡಿಸ್ಕಿನಲ್ಲಿ ಇನ್ನೂ ಏನೂ ಬದಲಾಗಿರುವುದಿಲ್ಲ. ಹೊಸ ತಳಿಯನ್ನು ಮೊದಲು ಪ್ರಾತ್ಯಕ್ಷಿಕೆ ತಾಕಿನಲ್ಲಿ ನೋಡುವಂತೆ ಇಲ್ಲಿ ಅರ್ಧ ಗಂಟೆ ಬಳಸಿ ನೋಡಬೇಕು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕೀಲಿಮಣೆ, ಟಚ್‌ಪ್ಯಾಡ್, ಕ್ಯಾಮೆರಾ ನಡೆಯುತ್ತವೆಯೇ ಪರೀಕ್ಷಿಸಬೇಕು. ಪೆನ್‌ಡ್ರೈವಿನಿಂದ ನಡೆಯುವಾಗ ತುಸು ನಿಧಾನವಿರುವುದು ಸಹಜ. ಯಾವುದಾದರೂ ಭಾಗ ನಡೆಯದಿದ್ದರೆ ಯಂತ್ರ ಆರಿಸಿ ಪೆನ್‌ಡ್ರೈವ್ ಕಿತ್ತರೆ ಹಳೆಯ ವಿಂಡೋಸ್ ಹಾಗೆಯೇ ಇರುತ್ತದೆ.

5. ಎಲ್ಲ ಸರಿಯಿದ್ದರೆ ಚಾರ್ಜರ್ ಜೋಡಿಸಿ, ಪರದೆಯ ಮೇಲಿನ ಅಳವಡಿಕೆ ಚಿತ್ರವನ್ನು ಒತ್ತಬೇಕು. ನಡುವೆ ಕರೆಂಟ್ ಹೋದರೂ ನಿಲ್ಲದಂತೆ ಬ್ಯಾಟರಿ ತುಂಬಿರಲಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇನ್ವರ್ಟರ್ ಇರುವ ಕಡೆ ಈ ಕೆಲಸ ಮಾಡುವುದು ಒಳಿತು.

6. ಮುಂದೆ ಒಂದು ಮುಖ್ಯ ಪ್ರಶ್ನೆ ಬರುತ್ತದೆ. ವಿಂಡೋಸಿನ ಪಕ್ಕದಲ್ಲಿ ಅಳವಡಿಸಬೇಕೋ, ಡಿಸ್ಕನ್ನೆಲ್ಲ ಅಳಿಸಿ ಅಳವಡಿಸಬೇಕೋ ಎಂದು ಕೇಳುತ್ತದೆ. ಡಿಸ್ಕಿನಲ್ಲಿ ಸ್ಥಳವಿದ್ದು ವಿಂಡೋಸ್ ಆಗಾಗ ಬೇಕೆನಿಸಿದರೆ ಮೊದಲನೆಯದನ್ನು, ಬೇಡವಾದರೆ ಎರಡನೆಯದನ್ನು ಆರಿಸಬೇಕು. ಎರಡನೆಯದನ್ನು ಒತ್ತುವ ಮೊದಲು ನಕಲಿನ ಪೆನ್‌ಡ್ರೈವ್ ಎಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಈ ಗುಂಡಿ ಒತ್ತಿದ ಮೇಲೆ ಹಳೆಯದು ಮರಳುವುದಿಲ್ಲ.

7. ಸಮಯದ ವಲಯಕ್ಕೆ ಕೋಲ್ಕತ್ತಾ ಎಂದು ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಬಿಡಬೇಕು. ಯಂತ್ರದ ಶಕ್ತಿಗೆ ತಕ್ಕಂತೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಬಹುದು. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಶುರುಮಾಡಬೇಕು.

ಅಳವಡಿಸಿದ ನಂತರದ ಕೆಲಸ

ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಪರಿಷ್ಕರಣೆಗಳನ್ನು ಹಾಕಿಕೊಳ್ಳಬೇಕು. ಮೊದಲ ಸಲ ಇದು ಹೆಚ್ಚು ಡೇಟಾ ಬೇಡುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ದಿನದ ಮಿತಿ ನೋಡಿಕೊಳ್ಳಬೇಕು. ಅನಂತರ ನಕಲು ಮಾಡಿಟ್ಟ ದಾಖಲೆಗಳನ್ನು ತಂದು ಹಾಕಬೇಕು. ಹಾಕಿದ ಮೇಲೂ ಪೆನ್‌ಡ್ರೈವಿನ ನಕಲನ್ನು ಅಳಿಸಬಾರದು. ಪತ್ರ ಬರೆಯಲು ಮತ್ತು ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್, ಜಾಲತಾಣ ನೋಡಲು ಫೈರ್‌ಫಾಕ್ಸ್ ಮೊದಲೇ ಇರುತ್ತವೆ.

ಕನ್ನಡದಲ್ಲಿ ಬರೆಯಲು ಕೀಲಿಮಣೆಯ ಸೆಟ್ಟಿಂಗ್ ತೆರೆದು ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡ, ಕಗಪ ಎಂಬುದನ್ನು ಸೇರಿಸಬೇಕು. ಇದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿಯಲ್ಲಿ ಬರೆದು ರೂಢಿಯಿರುವವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಹೀಗೆ ಬರೆದದ್ದು ಯೂನಿಕೋಡಿನಲ್ಲಿರುವುದರಿಂದ ಮೊಬೈಲಿನಲ್ಲಿಯೂ ಕಚೇರಿಯ ಗಣಕದಲ್ಲಿಯೂ ಹಾಗೆಯೇ ಓದಲು ಬರುತ್ತದೆ.

ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸೌಲಭ್ಯವಿದೆ. ಸಿಸ್ಟಂ ಸರಿಯಿರುವಾಗ ಅದರ ಒಂದು ಪ್ರತಿ ತೆಗೆದಿಟ್ಟರೆ, ಮುಂದೆ ಏನಾದರೂ ಕೆಟ್ಟಾಗ ಆ ಸ್ಥಿತಿಗೆ ಹಿಂದಿರುಗಬಹುದು. ಆದರೆ ಇದು ಸಿಸ್ಟಮಿನ ಪ್ರತಿ ಮಾತ್ರ. ಮನೆಯ ದಾಖಲೆಗಳಿಗೆ ಬೇರೆ ನಕಲು ಬೇಕೇ ಬೇಕು.

ಪಾಲನೆ

ನಮ್ಮ ಭಾಗದಲ್ಲಿ ಲ್ಯಾಪ್‌ಟಾಪಿಗೆ ಮೂರು ಶತ್ರುಗಳು: ಧೂಳು, ಬಿಸಿಲು, ಕರೆಂಟಿನ ಏರುಪೇರು. ವಾಡಿ, ಸೇಡಂ ಕಡೆಯ ಸಿಮೆಂಟಿನ ಪುಡಿ, ಶಹಾಬಾದಿನ ಫರಸಿ ಕಲ್ಲು ಕೊಯ್ಯುವಾಗ ಏಳುವ ಪುಡಿ, ತೊಗರಿ ರಾಶಿಯ ಹೊಟ್ಟು ಇವೆಲ್ಲ ಯಂತ್ರದ ಫ್ಯಾನಿನಲ್ಲಿ ಸೇರುತ್ತವೆ. ಗಾಳಿ ಕಟ್ಟಿದ ಯಂತ್ರ ಬಿಸಿಯಾಗಿ, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಷ್ಟೋ ಸಲ ನಿಧಾನಕ್ಕೆ ಇದೇ ಕಾರಣ. ಬಹುತೇಕ ಲ್ಯಾಪ್‌ಟಾಪುಗಳನ್ನು 35 ಡಿಗ್ರಿ ಸೆಲ್ಷಿಯಸ್‌ವರೆಗಿನ ಕೋಣೆಯಲ್ಲಿ ಬಳಸಲೆಂದು ತಯಾರಿಸಿರುತ್ತಾರೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಆದ್ದರಿಂದ ಕೆಳಗಿನ ಕಾಲಪಟ್ಟಿ ಅನುಸರಿಸುವುದು ಸೂಕ್ತ.

ಪ್ರತಿದಿನ: ಗಟ್ಟಿಯಾದ ಮೇಜು ಅಥವಾ ಮಣೆಯ ಮೇಲೆ ಇಟ್ಟು ಬಳಸಬೇಕು. ಹಾಸಿಗೆ, ಕೌದಿಯ ಮೇಲೆ ಇಟ್ಟರೆ ಗಾಳಿಯ ಕಿಂಡಿ ಮುಚ್ಚುತ್ತದೆ. ಗುಡುಗು ಸಿಡಿಲು ಇರುವಾಗ ಚಾರ್ಜರನ್ನು ಗೋಡೆಯಿಂದ ಕೀಳಬೇಕು.

ಪ್ರತಿವಾರ: ಪರಿಷ್ಕರಣೆಗಳನ್ನು ಹಾಕಿಕೊಳ್ಳಬೇಕು. ಹೊಲದಲ್ಲಿ ಎಡೆ ಹೊಡೆದಷ್ಟೇ ಇದು ಅಗತ್ಯ.

ಪ್ರತಿ ತಿಂಗಳು: ಹೊಸ ದಾಖಲೆಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಬೇಕು. ಅಮಾವಾಸ್ಯೆಯ ದಿನ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಡಿಸ್ಕಿನಲ್ಲಿ ಐದನೆಯ ಒಂದು ಭಾಗವಾದರೂ ಖಾಲಿ ಇರುವಂತೆ ನೋಡಿಕೊಳ್ಳಬೇಕು.

ವರ್ಷಕ್ಕೊಮ್ಮೆ: ರಾಶಿ ಮುಗಿದ ಮೇಲೆ, ಬೇಸಿಗೆ ಏರುವ ಮೊದಲು ಫ್ಯಾನಿನ ಧೂಳು ತೆಗೆಸಬೇಕು. ಹೊಸ ಸಿಸ್ಟಂ ಹಾಕಲೂ ಇದೇ ಬಿಡುವಿನ ಕಾಲ ಅನುಕೂಲ.

ಬಹಳ ದಿನ ಬಳಸದೆ ಇಡುವಾಗ: ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ ತಂಪಾದ ಒಣ ಜಾಗದಲ್ಲಿ ಇಡಬೇಕು. ಪೂರ್ತಿ ಖಾಲಿ ಮಾಡಿ ಇಟ್ಟರೆ ಬ್ಯಾಟರಿ ಮತ್ತೆ ಏಳದಿರಬಹುದು. ಕೆಟ್ಟ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಸುಡಬಾರದು. ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಇದರೊಡನೆ ಇನ್ನೊಂದು ಎಚ್ಚರಿಕೆ. ‘ನಿಮ್ಮ ಗಣಕಕ್ಕೆ ವೈರಸ್ ಬಂದಿದೆ, ಈ ತಂತ್ರಾಂಶ ಹಾಕಿಕೊಳ್ಳಿ’ ಎಂದು ಯಾರಾದರೂ ಫೋನ್ ಮಾಡಿದರೆ ನಂಬಬಾರದು. ಅದು ಹಣ ದೋಚುವವರ ಉಪಾಯ. ಒಟಿಪಿಯನ್ನು ಯಾರಿಗೂ ಹೇಳಬಾರದು. ಸಿಸ್ಟಂ ಎಷ್ಟೇ ಗಟ್ಟಿಯಿದ್ದರೂ ಬಾಗಿಲನ್ನು ನಾವೇ ತೆರೆದರೆ ಅದು ಕಾಯಲಾರದು.

ಅಂಗಡಿಯಲ್ಲಿ ಮಾಡಿಸುವುದಾದರೆ

ಎಲ್ಲರಿಗೂ ಸ್ವತಃ ಮಾಡಿಕೊಳ್ಳಲು ಅನುಕೂಲವಿರುವುದಿಲ್ಲ. ಅಂಗಡಿಗೆ ಒಯ್ಯುವಾಗ ದಾಖಲೆಗಳ ನಕಲನ್ನು ಮನೆಯಲ್ಲಿಯೇ ಮುಗಿಸಿ ಒಯ್ಯಬೇಕು. ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಯಾವ ಸಿಸ್ಟಂ ಹಾಕುತ್ತೀರಿ? ಅದು ಅಧಿಕೃತವೇ? ಅದಕ್ಕೆ ಪರಿಷ್ಕರಣೆ ಎಲ್ಲಿಯವರೆಗೆ ಬರುತ್ತದೆ? ಡಿಸ್ಕಿನ ಆರೋಗ್ಯ ಪರೀಕ್ಷಿಸಿದ್ದೀರಾ? ಸರಿಯಾದ ಉತ್ತರ ಸಿಗದ ಕಡೆ ಯಂತ್ರ ಕೊಡದಿರುವುದೇ ಕ್ಷೇಮ.

ಸಾರಾಂಶ

ನಿಧಾನವಾದ ಲ್ಯಾಪ್‌ಟಾಪ್ ಎಲ್ಲ ಸಂದರ್ಭದಲ್ಲೂ ಕೆಟ್ಟ ಲ್ಯಾಪ್‌ಟಾಪ್ ಅಲ್ಲ. ಮೊದಲು ಯಂತ್ರದ ಶಕ್ತಿ ತಿಳಿಯಬೇಕು. ಎರಡು ಕಡೆ ದಾಖಲೆ ನಕಲು ಮಾಡಿ, ತೆರೆದು ನೋಡಬೇಕು. ಯಂತ್ರಕ್ಕೆ ಮತ್ತು ಮನೆಯ ಕೆಲಸಕ್ಕೆ ಒಗ್ಗುವ ಸಿಸ್ಟಮನ್ನು ಪೆನ್‌ಡ್ರೈವಿನಲ್ಲಿ ಪರೀಕ್ಷಿಸಿ, ಆಮೇಲೆಯೇ ಅಳವಡಿಸಬೇಕು. ವಾರಕ್ಕೊಮ್ಮೆ ಪರಿಷ್ಕರಣೆ, ತಿಂಗಳಿಗೊಮ್ಮೆ ನಕಲು, ವರ್ಷಕ್ಕೊಮ್ಮೆ ಧೂಳು ತೆಗೆಯುವುದು ಇಷ್ಟನ್ನು ತಪ್ಪದೆ ಮಾಡಿದರೆ ಹೊಸ ಲ್ಯಾಪ್‌ಟಾಪಿಗೆ ಹಾಕಬೇಕಾದ ಹಣ ಬಿತ್ತನೆಯ ಖರ್ಚಿಗೆ ಉಳಿಯುತ್ತದೆ. ಹೊಲದ ಲೆಕ್ಕವೂ ಮಕ್ಕಳ ಓದೂ ನಿಲ್ಲದೆ ಸಾಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿದ್ದರೆ ಈ ಲೇಖನವನ್ನು ಜೊತೆಗಿಟ್ಟುಕೊಂಡು ಒಂದು ರಜಾದಿನ ಇಬ್ಬರೂ ಕುಳಿತು ಈ ಕೆಲಸ ಮಾಡಬಹುದು.